ಕೊಡೇಕಲ್ಲಿನಲ್ಲಿ ಕಬ್ಬಿಣದ ಮುಷ್ಟಿ

ಸುರಪುರವನ್ನು ಬಿಟ್ಟು ಹುಣಸಗಿಯ ಮೇಲಿಂದ ನಾರಾಯಣಪುರದ ಕಡೆಗೆ ಹೊರಟ ಪ್ರವಾಸಿಯ ಕಣ್ಣಿಗೆ ಮೊದಲು ಬೀಳುವುದು ಕಲ್ಲು, ಬಳಿಕ ನೀರು. ಯಾರೋ ಪೇರಿಸಿಟ್ಟು ಮರೆತುಹೋದಂತಿರುವ ಬೋಳುಗುಡ್ಡಗಳು ಹಿಂದಾದೊಡನೆ ಕೃಷ್ಣೆಯ ಕಾಲುವೆ ಎದುರಾಗುತ್ತದೆ. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟಿನ ಕೆಲಸ ಮುಗಿದು ಎಡದಂಡೆಗೆ ನೀರು ಬಂದ ಮೇಲೆ, ಮಳೆಯನ್ನೇ ನಂಬಿ ಜೋಳ ಸಜ್ಜೆ ಬೆಳೆಯುತ್ತಿದ್ದ ಹೊಲಗಳಲ್ಲಿ ಬತ್ತದ ಹಸುರು ಕಾಣಿಸಿಕೊಂಡಿತು. ಈ ಕಲ್ಲು ನೀರುಗಳ ಸೀಮೆಯಲ್ಲಿರುವ ಊರು ಕೊಡೇಕಲ್.

ಊರು ಸಣ್ಣದಾದರೂ ಹೆಸರು ಸಣ್ಣದಲ್ಲ. ಹದಿನಾರನೆಯ ಶತಮಾನದ ಕೊಡೇಕಲ್ ಬಸವಣ್ಣನ ನೆಲೆಯಿದು. ಹಿಂದೂಗಳೂ ಮುಸಲ್ಮಾನರೂ ಒಂದೇ ಹೊಸ್ತಿಲಿಗೆ ತಲೆಬಾಗುವ ಸ್ಥಳ. ಮುಂದೆ ನಡೆಯುವುದನ್ನು ಹಿಂದೆಯೇ ಹೇಳಿಟ್ಟವೆಂಬ ಕಾಲಜ್ಞಾನದ ವಚನಗಳಿಗೆ ಪ್ರಸಿದ್ಧವಾದ ಪೀಠ. ಇನ್ನೂ ಹಿಂದಕ್ಕೆ ಹೋಗಬೇಕೆನ್ನುವವರಿಗೆ ಇಲ್ಲಿ ಬೂದಿದಿಬ್ಬವಿದೆ. ಡಾ. ಕೆ. ಪದ್ದಯ್ಯನವರು 1960ರ ದಶಕದಲ್ಲಿ ಅದನ್ನು ಅಗೆದು ಶೋಧಿಸಿದರು. ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ದನಗಾಹಿಗಳು ಹಟ್ಟಿಯ ಸಗಣಿಯನ್ನು ಸುಟ್ಟು ಸುಟ್ಟು ಬೆಳೆಸಿದ ದಿಬ್ಬವದು. ಇಂತಹ ಬೂದಿಯನ್ನು ಕಂಡಲ್ಲೆಲ್ಲ ನಮ್ಮ ಜನ ಯಾವುದಾದರೊಂದು ಕಾಳಗವನ್ನು ನೆನೆಯುತ್ತಾರೆ. ಹಂಪೆಯ ಬಳಿಯ ನಿಂಬಾಪುರದ ಬೂದಿಗುಡ್ಡ ವಾಲಿಯನ್ನು ದಹಿಸಿದ ಸ್ಥಳವೆಂದು ಪ್ರತೀತಿ.

ಕಾಳಗವನ್ನು ನೆನೆಯುವುದಷ್ಟೇ ಅಲ್ಲ, ಒಂದನ್ನೊಂದರ ಪಕ್ಕದಲ್ಲಿಟ್ಟು ತೂಗುವುದೂ ಈ ಸೀಮೆಗೆ ಹೊಸತಲ್ಲ. ಬೇಡನಾಯಕರ ಇತಿಹಾಸವನ್ನು ಬಲ್ಲ ಹಿರಿಯರೊಬ್ಬರು ಸಿಕ್ಕರೆ ಸಾಕು, ಸುರಪುರದ ನೆರೆಯ ವಾಗಣಗೇರಿಯ ಮುತ್ತಿಗೆ ದೊಡ್ಡದೋ, 1858ರಲ್ಲಿ ರಾಜಾ ವೆಂಕಟಪ್ಪ ನಾಯಕನು ಬ್ರಿಟಿಷರ ವಿರುದ್ಧ ಎದ್ದುನಿಂತದ್ದು ದೊಡ್ಡದೋ ಎಂಬ ಜಿಜ್ಞಾಸೆಯಲ್ಲಿ ಸಂಜೆ ಕಳೆಯಬಹುದು. 1705ರ ಫೆಬ್ರುವರಿಯಲ್ಲಿ 86 ವರ್ಷದ ಔರಂಗಜೇಬನು ಸ್ವತಃ ಬಂದು ವಾಗಣಗೇರಿಯ ಮುಂದೆ ಡೇರೆ ಹೂಡಿದ. ಏಪ್ರಿಲ್ ಕೊನೆಗೆ ಕೋಟೆ ಕೈಗೆ ಬಂತು, ಪಿಡ್ಡನಾಯಕ ಬರಲಿಲ್ಲ, ಇರುಳಿನಲ್ಲಿ ಜಾರಿಹೋಗಿದ್ದ. ಗೆದ್ದವರು ಯಾರು? ಈ ಪ್ರಶ್ನೆಗೆ ಉತ್ತರ ಕಷ್ಟವಾದುದರಿಂದಲೇ ವಾಗಣಗೇರಿಗೆ ಮೊದಲ ಪಂಕ್ತಿ ಸಲ್ಲಬೇಕೆಂದು ತೋರುತ್ತದೆ. ಸಂದೇಹವಿಲ್ಲದ ಜಯಗಳ ಬಗ್ಗೆ ಯಾರು ತಾನೆ ಬಹಳ ಹೊತ್ತು ಮಾತಾಡಬಲ್ಲರು?

ಉಗಾದಿಯ ಸಂಜೆ ಕಟ್ಟೆಯ ಮೇಲೆ ಕುಳಿತ ತರುಣರ ವಿಷಯ ಬೇರೆ. ರೀತಿ ಮಾತ್ರ ಹಿರಿಯರದೇ. ಈ ಸೀಮೆಯಿಂದ ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೋಗುವ ಕುಟುಂಬಗಳು ಅನೇಕ. ಗಾರೆ, ಸೆಂಟ್ರಿಂಗ್, ಟೈಲ್ಸ್ ಕೆಲಸಗಳಲ್ಲಿ ವರ್ಷ ಸವೆಸುವ ಹುಡುಗರು ಉಗಾದಿಗೆ, ಪಂಚಮಿಗೆ, ಮೊಹರಮ್ಮಿಗೆ ಊರಿಗೆ ಮರಳುತ್ತಾರೆ. ಊರಲ್ಲೇ ಉಳಿದ ಅಣ್ಣತಮ್ಮಂದಿರು ಅವರಿಗಾಗಿ ಒಂದು ವಾದವನ್ನು ಕಾದಿಟ್ಟಿರುತ್ತಾರೆ. ಈ ಉಗಾದಿಯ ವಾದ 'ಟೆಕ್ಕೆನ್' ಎಂಬ ಆಟದ್ದು: ಅದರ ಎಂಟು ಅವತರಣಿಕೆಗಳಲ್ಲಿ ಶ್ರೇಷ್ಠವಾದುದು ಯಾವುದು?

ವಿಡಿಯೋ ಗೇಮ್ ಎಂದೊಡನೆ ಹುಬ್ಬು ಗಂಟಿಕ್ಕುವ ತಾಯಿತಂದೆಯರಿಗಾಗಿ ಎರಡು ಮಾತು. ಟೆಕ್ಕೆನ್ ಎಂದರೆ ಜಪಾನೀ ಭಾಷೆಯಲ್ಲಿ ಕಬ್ಬಿಣದ ಮುಷ್ಟಿ. ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯಂದು ಜಟ್ಟಿಗಳು ಆಡುವ ಕಾಳಗಕ್ಕೆ ವಜ್ರಮುಷ್ಟಿ ಎಂಬ ಹೆಸರಿರುವಾಗ ಈ ಮುಷ್ಟಿ ನಮಗೆ ತೀರ ಅಪರಿಚಿತವೇನಲ್ಲ. ಅಲ್ಲಿ ತಲೆಯಿಂದ ಮೊದಲ ಹನಿ ರಕ್ತ ಚಿಮ್ಮಿದೊಡನೆ ಪಂದ್ಯ ಮುಗಿಯುತ್ತದೆ. ಇಲ್ಲಿ ಪರದೆಯ ಮೇಲಿನ ಗೆರೆಯೊಂದು ಸವೆದಾಗ. ಇಬ್ಬರು ಆಟಗಾರರು, ಇಬ್ಬರು ಜಟ್ಟಿಗಳು, ನಾಲ್ಕು ಗುಂಡಿಗಳು: ಎರಡು ಕೈಗೆರಡು, ಎರಡು ಕಾಲಿಗೆರಡು. ಜೊತೆಗೊಂದು ಕತೆಯಿದೆ. ಮಿಶಿಮಾ ಮನೆತನದಲ್ಲಿ ತಂದೆ ಮಗನನ್ನು ಬೆಟ್ಟದಿಂದ ಕೆಳಗೆಸೆಯುತ್ತಾನೆ. ಮಗ ಬದುಕಿ ಬಂದು ತಂದೆಯನ್ನು ಎಸೆಯುತ್ತಾನೆ. ಮೊಮ್ಮಗನಿಗೂ ಈ ಹಗೆ ಪಿತ್ರಾರ್ಜಿತವಾಗಿ ಬರುತ್ತದೆ. ಕುರುಕ್ಷೇತ್ರದ ಕತೆ ಕೇಳಿ ಬೆಳೆದ ಮಕ್ಕಳಿಗೆ ಇದು ಅರ್ಥವಾಗಲು ಹೊತ್ತು ಬೇಕಿಲ್ಲ.

ನಾಮ್ಕೊ ಕಂಪನಿ ಮೊದಲನೆಯದನ್ನು 1994ರಲ್ಲಿ ಹೊರತಂದಿತು, ಮರುವರ್ಷವೇ ಎರಡನೆಯದನ್ನು. ಕಟ್ಟೆಯ ಮೇಲೆ ಈ ಎರಡನ್ನೂ ಕಂಡವರಿರಲಿಲ್ಲ. ಅವುಗಳಿಗೆ ಪೂರ್ವಜರಿಗೆ ಸಲ್ಲುವ ಗೌರವವನ್ನು ಸಲ್ಲಿಸಿ ಮುಂದೆ ಸಾಗಲಾಯಿತು. ಮಾತು ಬಿಸಿಯೇರಿದ್ದು ಮೂರನೆಯದಕ್ಕೆ ಬಂದಾಗ.

1997ರಲ್ಲಿ ಆರ್ಕೇಡ್ ಅಂಗಡಿಗಳಿಗೂ 1998ರಲ್ಲಿ ಪ್ಲೇಸ್ಟೇಷನ್ ಎಂಬ ಮನೆಯ ಯಂತ್ರಕ್ಕೂ ಬಂದ ಟೆಕ್ಕೆನ್ ಮೂರು ಭಾರತದ ನಗರಗಳಲ್ಲಿ ಪಡೆದ ಜನಪ್ರಿಯತೆ ವಿಚಿತ್ರವಾದುದು. ಅಧಿಕೃತವಾಗಿ ಕೊಂಡವರು ಕಡಿಮೆ. ನಕಲು ಸಿಡಿಯಲ್ಲಿ, ಸೈಬರ್ ಕೆಫೆಯ ಹಳೆಯ ಕಂಪ್ಯೂಟರಿನಲ್ಲಿ, ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡುವ ಓಣಿಯ ಅಂಗಡಿಗಳಲ್ಲಿ ಆಡಿದವರೇ ಹೆಚ್ಚು. ಹೊಸ ಆವೃತ್ತಿಗಳು ಹೊರದೇಶದಲ್ಲಿ ಬಂದು ಹೋದ ಮೇಲೂ ಆ ಅಂಗಡಿಗಳಲ್ಲಿ ಮೂರೇ ಉಳಿಯಿತು, ಏಕೆಂದರೆ ಹಳೆಯ ಯಂತ್ರಕ್ಕೆ ಅದೇ ಸಾಕಾಗಿತ್ತು. ಆಟದ ಗುಣವೂ ಕಡಿಮೆಯದಲ್ಲ. ಜಟ್ಟಿ ಪಕ್ಕಕ್ಕೆ ಸರಿದು ಹೊಡೆತ ತಪ್ಪಿಸಿಕೊಳ್ಳುವ ಸೌಲಭ್ಯ ಎಲ್ಲರಿಗೂ ದೊರೆತದ್ದು ಇದರಲ್ಲಿ. ಜಿನ್, ಹ್ವಾರಾಂಗ್, ಶಾವ್ಯೂ ಮುಂತಾದ ಹೊಸ ಪೀಳಿಗೆ ಕಣಕ್ಕಿಳಿದದ್ದೂ ಇದರಲ್ಲಿಯೇ.

ಬ್ರೆಜಿಲ್‌ನ ಕಪೊಯೆರಾ ವಿದ್ಯೆಯ ಎಡ್ಡಿ ಗೋರ್ಡೋ ಬಂದದ್ದೂ ಈ ಮೂರರಲ್ಲೇ. ಆಟದ ಗಂಧವಿಲ್ಲದವನೂ ಕಾಲಿನ ಎರಡು ಗುಂಡಿಗಳನ್ನು ಕಣ್ಣುಮುಚ್ಚಿ ಒತ್ತುತ್ತ ಹೋದರೆ ಎಡ್ಡಿ ತಲೆಕೆಳಗಾಗಿ ಬುಗುರಿಯಂತೆ ತಿರುಗಿ ಎದುರಾಳಿಯನ್ನು ಕೆಡವುತ್ತಾನೆ. ಲೋಕದ ಎಲ್ಲೆಡೆ ಈ ಬಗ್ಗೆ ದೂರುಗಳಿವೆ. ಕೊಡೇಕಲ್ಲಿನ ಕಟ್ಟೆಯ ತೀರ್ಪು ಸ್ಪಷ್ಟ: “ಎಡ್ಡೀನ ಹಿಡಿದು ಗೆದ್ದದ್ದು ಲೆಕ್ಕಕ್ಕಿಲ್ಲ.” ಹಾಗೆ ಹೇಳಿದವನು ಒಂದು ಕಾಲದಲ್ಲಿ ಎಡ್ಡಿಯನ್ನೇ ಹಿಡಿಯುತ್ತಿದ್ದನೆಂದು ಉಳಿದವರು ಕೂಡಲೇ ಜ್ಞಾಪಿಸಿದರು.

ನಾಲ್ಕನೆಯದು 2001ರದು. ಕಣದ ನೆಲ ಏರುತಗ್ಗಾಯಿತು, ಸುತ್ತ ಗೋಡೆಗಳು ಬಂದವು, ಜಿನ್ ತನ್ನ ಮನೆತನದ ಪಟ್ಟುಗಳನ್ನೇ ತೊರೆದ. ರಸಿಕರು ಅದನ್ನು ಕೊನೆಗೆ ತಳ್ಳುತ್ತಾರೆ. ಇದರಲ್ಲಿ ಸ್ವಲ್ಪ ಅನ್ಯಾಯವಿದೆ. ಮುಂದಿನ ಆಟಗಳು ಗೋಡೆಯನ್ನು ಉಳಿಸಿಕೊಂಡು ನೆಲವನ್ನಷ್ಟೇ ಸಮ ಮಾಡಿಕೊಂಡವು. 2004ರ ಐದನೆಯದು ಮುನಿದವರನ್ನು ಮರಳಿ ಕರೆತಂದಿತು. 2007ರಲ್ಲಿ ಆರನೆಯದು ಬಂತು. ಐದರ ಪರಿಷ್ಕೃತ ರೂಪಕ್ಕೂ ಆರಕ್ಕೂ ಹಳ್ಳಿಗಳಲ್ಲಿ ಹೊಸ ಆಯುಷ್ಯ ಸಿಕ್ಕಿದ್ದು ಮೊಬೈಲ್ ಫೋನಿನಿಂದ. ಎರಡನ್ನೂ ಪಿಎಸ್‌ಪಿ ಎಂಬ ಕೈಯಂತ್ರಕ್ಕೆ ಇಳಿಸಿದ್ದರು. ಸಾಧಾರಣ ಫೋನು ಆ ಯಂತ್ರದ ವೇಷ ಹಾಕುವಂತೆ ಮಾಡುವ ಎಮ್ಯುಲೇಟರ್ ಬಂದ ಮೇಲೆ, ಅಂಗಡಿಯೇ ಇಲ್ಲದ ಊರಿಗೂ ಟೆಕ್ಕೆನ್ ತಲುಪಿತು. ಏಳು ಮತ್ತು ಎಂಟು ಹಾಗೆ ಬರಲೊಪ್ಪುವುದಿಲ್ಲ. 2024ರ ಜನವರಿ 26ರಂದು ಬಿಡುಗಡೆಯಾದ ಎಂಟನೆಯದಕ್ಕೆ ಬೇಕಾದ ಯಂತ್ರದ ಬೆಲೆ ಗಾರೆ ಕೆಲಸದವನ ಎಷ್ಟೋ ದಿನಗಳ ಕೂಲಿ. ಹಾಗಾಗಿ ಅದನ್ನು ಇಲ್ಲಿಯ ಹುಡುಗರು ಆಡುವುದಿಲ್ಲ, ಯೂಟ್ಯೂಬಿನಲ್ಲಿ ನೋಡುತ್ತಾರೆ.

ವಾದ ನಿಜವಾಗಿ ಹೊತ್ತಿಕೊಂಡದ್ದು ಇಲ್ಲಿ, ಅದೂ ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳಿಬ್ಬರ ನಡುವೆ. ಹಿರಿಯವನು ಬೆಂಗಳೂರಿನಲ್ಲಿ ಟೈಲ್ಸ್ ಕೆಲಸದವನು. ಒಮ್ಮೆ ಮಾಲ್ ಒಂದರಲ್ಲಿ ಹಣ ತೆತ್ತು ಎಂಟನ್ನು ಆಡಿ ಬಂದಿದ್ದ. ಅವನು ಮೂರರ ಪಕ್ಷ. ಊರಲ್ಲೇ ಗದ್ದೆ ನೋಡಿಕೊಂಡಿರುವ ಕಿರಿಯವನು ಎಂಟನ್ನು ಮುಟ್ಟಿಯೂ ನೋಡಿದವನಲ್ಲ. ಅವನೇ ಎಂಟರ ಪಕ್ಷ.

“ಎಂಟನ್ನ ನೀ ಆಡೀ ಏನು ತಮ್ಮಾ? ಬರೇ ನೋಡಿದ್ದಿ.”

“ನೋಡಿದ್ರ ತಿಳಿಯಂಗಿಲ್ಲೇನಣ್ಣಾ? ಕುಸ್ತಿ ನೋಡೋರೆಲ್ಲ ಕುಸ್ತಿ ಆಡ್ಯಾರೇನು?”

ಗರಡಿಯ ಮಣ್ಣನ್ನು ಮೈಗೆ ಸೋಕಿಸಿಕೊಳ್ಳದೆ ಜಟ್ಟಿಗಳ ತರತಮ ಹೇಳುವ ಹಿರಿಯರು ಪ್ರತಿ ಊರಿನಲ್ಲೂ ಇರುವುದರಿಂದ ಈ ಉತ್ತರ ಸುಲಭಕ್ಕೆ ತಳ್ಳಿಹಾಕುವಂತಹುದಾಗಿರಲಿಲ್ಲ. ಕಿರಿಯವನಿಗೆ ಇನ್ನೊಂದು ಬಲವೂ ಇತ್ತು. ಲಾಹೋರಿನ ಅರ್ಸಲಾನ್ ಆ್ಯಶ್ 2019ರಲ್ಲಿ ಮೊದಲು ಜಪಾನಿನಲ್ಲಿ, ಬಳಿಕ ಲಾಸ್ ವೆಗಾಸಿನಲ್ಲಿ ನಡೆದ ಇವೊ ಪಂದ್ಯಗಳಲ್ಲಿ ಏಳನೆಯ ಟೆಕ್ಕೆನ್ನಿನ ಪ್ರಶಸ್ತಿ ಗೆದ್ದ ಕತೆ ಅವನಿಗೆ ಬಾಯಿಪಾಠ. ಕೊರಿಯಾದ ‘ನೀ’ ಎಂಬ ಮಹಾಮಲ್ಲನನ್ನು ವೆಗಾಸಿನ ಅಂತಿಮ ಪಂದ್ಯದಲ್ಲಿ ಸೋಲಿಸಿದ ಈ ತರುಣ, ತನ್ನನ್ನೂ ಮೀರಿಸಬಲ್ಲವರು ಲಾಹೋರಿನಲ್ಲಿ ಇದ್ದಾರೆ ಎಂದು ಹೇಳಿ ಲೋಕವನ್ನು ಬೆರಗುಗೊಳಿಸಿದ್ದ. ಲೋಕ ಅರಿಯದ ಓಣಿಯಲ್ಲಿ ಕುಳಿತವರಿಗೂ ಆಟ ತಿಳಿದಿರಬಹುದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಹಿರಿಯವನು ಕೊಂಚ ಹೊತ್ತು ಸುಮ್ಮನಿದ್ದು, ತನ್ನ ಆಕ್ಷೇಪ ಆಟದ ಮೇಲಲ್ಲವೆಂದ. ಮಾಲಿನಲ್ಲಿ ಎಂಟರ ಬೆಡಗು ಕಣ್ಣಿಗೆ ಹಬ್ಬವಾಗಿತ್ತು. ಎದುರಿಗಿದ್ದವನು ಮಾತ್ರ ಯಂತ್ರ. ಮೂರನ್ನು ಆಡುವಾಗ ಹಾಗಿರಲಿಲ್ಲ. ತಂದೆತಾಯಿಗಳ ಜೊತೆ ಗುಳೆ ಹೋಗಿದ್ದ ಇಬ್ಬರೂ ಹುಡುಗರು ಬೆಂಗಳೂರಿನ ಓಣಿಯೊಂದರ ಅಂಗಡಿಯಲ್ಲಿ ಒಂದೇ ಬೆಂಚಿನ ಮೇಲೆ ಮೈಗೆ ಮೈ ತಾಗಿಸಿ ಕುಳಿತು ಆಡಿದ್ದರು. ಸೋತವನು ಎದ್ದು ಜಾಗ ಬಿಡಬೇಕು, ಗೆದ್ದವನು ಕೂಡಬೇಕು. ಅಂಗಡಿಯ ಕಾನೂನು ಅದೊಂದೇ. ಮುಂದೆ ಕಿರಿಯವನ ತಂದೆ ಹೊಲಕ್ಕೆ ಕಾಲುವೆ ನೀರು ಹಿಡಿದು ಊರಿಗೆ ಮರಳಿದರು. ಹಿರಿಯವನು ಅಲ್ಲೇ ಉಳಿದ.

“ಮೂರು ಛಲೋ ಅಂತ ನಾ ಯಾಕ ಅಂತೀನಿ ತಿಳೀತೇನು?” ಎಂದು ಅವನು ಕೇಳಿದ್ದಕ್ಕೆ ತಮ್ಮನಿಂದ ಉತ್ತರ ಬರಲಿಲ್ಲ. ನೋಡಿದವರ ಬಗೆಗಿನ ವಾದದಲ್ಲಿ ಕಿರಿಯವನದೇ ಗೆಲುವು. ಆದರೆ ಈ ಮಾತಿಗೆ ಉತ್ತರ ಅವನ ಬಳಿಯೂ ಇದ್ದಂತೆ ಕಾಣಲಿಲ್ಲ.

ಕತ್ತಲಾಗುವಷ್ಟರಲ್ಲಿ ಪಟ್ಟಿ ಬಹುಮಟ್ಟಿಗೆ ನಿಶ್ಚಯವಾಗಿತ್ತು. ಮೂರು ಮೊದಲನೆಯದು, ಐದು ಎರಡನೆಯದು. ಎಲ್ಲರ ಜೇಬಿನಲ್ಲಿಯೂ ಇರುವ ಆರು ಮೂರನೆಯದು. ಇಬ್ಬಿಬ್ಬರು ಜಟ್ಟಿಗಳು ಜೊತೆಗೂಡಿ ಕಾದುವ 1999ರ ಟ್ಯಾಗ್ ಟೂರ್ನಮೆಂಟ್ ಅನ್ನು ಈ ಸಾಲಿಗೆ ಸೇರಿಸಬೇಕೆ ಬೇಡವೆ ಎಂಬುದರಲ್ಲಿ ಎರಡು ಪಂಗಡಗಳಾದವು. ನಾಲ್ಕಕ್ಕೆ ಕೊನೆಯ ಸ್ಥಾನವೇ ಗತಿಯಾಯಿತು. ಎಂಟಕ್ಕೆ ಸ್ಥಾನ ಕೊಡುವ ಮುನ್ನ ಕಿರಿಯವನು ಬೆಂಗಳೂರಿಗೆ ಬಂದು ಅಣ್ಣನ ಪಕ್ಕ ಕುಳಿತು ಅದನ್ನು ಆಡತಕ್ಕದ್ದು, ಖರ್ಚು ಅಣ್ಣನದು ಎಂದು ಗೊತ್ತಾಯಿತು. ಗದ್ದೆಯ ಕೆಲಸ ಬಿಟ್ಟು ಬರಲು ಬಿಡುವು ಯಾವಾಗ ಎಂಬುದು ತಿಳಿಯದ್ದರಿಂದ, ಆ ತೀರ್ಪನ್ನು ಪಂಚಮಿಗೆ ಮುಂದೂಡಲಾಯಿತು.