ಸೇಲಮ್ ನಗರದಲ್ಲಿ ಹ್ಯಾಲೋವೀನ್ ಸಂಜೆ

ಅಮೇರಿಕಾ ದೇಶದ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ, ಬಾಸ್ಟನ್ ನಗರಕ್ಕೆ ಈಶಾನ್ಯದಲ್ಲಿ ಸುಮಾರು ೧೬ ಮೈಲು ದೂರದ ಕಡಲ ತಡಿಯಲ್ಲಿ ಸೇಲಮ್ ಎಂಬ ಹಳೆಯ ರೇವುಪಟ್ಟಣವಿದೆ. ಈ ಹೆಸರು ಸತ್ಯವೇದದ ಆದಿಕಾಂಡದಲ್ಲಿ ಬರುವ ಸಾಲೇಮಿನಿಂದ ಬಂದದ್ದು. ಅದರ ಅರ್ಥ ಸಮಾಧಾನ. ೨೦೨೩ನೆಯ ಇಸವಿ ಅಕ್ಟೋಬರ್ ೩೧ನೆಯ ಮಂಗಳವಾರ, ಈ ಶಾಲೆಯ ಹಳೆಯ ವಿದ್ಯಾರ್ಥಿನಿಯರಾದ ನಾವಿಬ್ಬರು ಅಲ್ಲಿಯ ಹ್ಯಾಲೋವೀನ್ ಉತ್ಸವವನ್ನು ಕಾಣುವ ಕುತೂಹಲದಿಂದ ಬಾಸ್ಟನ್ನಿನಲ್ಲಿ ರೈಲುಬಂಡಿಯನ್ನು ಹತ್ತಿದೆವು. ಅದು ಎಲೆಯುದುರುವ ಕಾಲ. ದಾರಿಯ ಇಕ್ಕೆಲದ ಮರಗಳಲ್ಲಿ ಉಳಿದಿದ್ದ ಎಲೆಗಳು ಕುಂಕುಮದಂತೆಯೂ ಅರಿಸಿನದಂತೆಯೂ ಹೊಳೆಯುತ್ತಿದ್ದವು. ಬಂಡಿಯೊಳಗೆ ನಮ್ಮ ಎದುರಿಗೆ ಕುಳಿತಿದ್ದವರು ಒಂದು ಅಸ್ಥಿಪಂಜರ, ಒಂದು ಬೆಕ್ಕು ಮತ್ತು ಇಬ್ಬರು ರಾಜಕುಮಾರಿಯರು!

ನವಂಬರ್ ೧ನೆಯ ತಾರೀಖು ಸಕಲ ಸಂತರ ದಿನವೆಂಬುದು ನಮ್ಮ ಓದುಗರಿಗೆ ತಿಳಿದದ್ದೇ. ಅದರ ಹಿಂದಿನ ಸಂಜೆಗೆ ಹ್ಯಾಲೋವೀನ್ ಎಂದು ಹೆಸರು. ಐರ್ಲೆಂಡ್ ಮತ್ತು ಸ್ಕಾಟ್ಲೆಂಡುಗಳಿಂದ ವಲಸೆ ಹೋದ ಜನರು ೧೯ನೆಯ ಶತಮಾನದಲ್ಲಿ ಈ ಆಚರಣೆಯನ್ನು ಅಮೇರಿಕೆಗೆ ಒಯ್ದರು. ತಾಯ್ನಾಡಿನಲ್ಲಿ ಟರ್ನಿಪ್ ಗೆಡ್ಡೆಯನ್ನು ಕೊರೆದು ದೀಪವಿಡುತ್ತಿದ್ದವರಿಗೆ ಹೊಸ ನಾಡಿನಲ್ಲಿ ಕುಂಬಳಕಾಯಿ ಒದಗಿತು. ಮಕ್ಕಳು ವೇಷ ಧರಿಸಿ ಮನೆಮನೆಗೂ ಹೋಗಿ ಮಿಠಾಯಿ ಬೇಡುವುದು ಈ ಸಂಜೆಯ ವಿನೋದ.

ಸೇಲಮಿನ ಜನಸಂಖ್ಯೆ ಸುಮಾರು ೪೪ ಸಾವಿರ. ಆದರೆ ೧೯೮೨ರಲ್ಲಿ ಆರಂಭವಾದ ಉತ್ಸವವು ಬೆಳೆಬೆಳೆದು, ನಾವು ಹೋದ ವರ್ಷ ಅಕ್ಟೋಬರ್ ತಿಂಗಳೊಂದರಲ್ಲಿಯೇ ಅಲ್ಲಿಗೆ ಬಂದವರು ಹತ್ತು ಲಕ್ಷಕ್ಕೂ ಮಿಕ್ಕಿದರು. ಎಸೆಕ್ಸ್ ಬೀದಿಯಲ್ಲಿ ಕಾಲಿಡಲು ಸ್ಥಳವಿರಲಿಲ್ಲ. ಎಲ್ಲಿ ನೋಡಿದರೂ ಮಾಟಗಾತಿಯರೇ: ಅಂಗಡಿಯ ಫಲಕದಲ್ಲಿ ಮಾಟಗಾತಿ, ಪೋಲೀಸರ ಲಾಂಛನದ ಮೇಲೆಯೂ ಪೊರಕೆಯನ್ನೇರಿದ ಮಾಟಗಾತಿ. ನಾವೂ ಜನಜಂಗುಳಿಯಲ್ಲಿ ಬೆರೆತು ನಕ್ಕೆವು, ನಲಿದೆವು, ಬಿಸಿಯಾದ ಸೇಬಿನ ರಸವನ್ನು ಕುಡಿದೆವು.

ಆದರೆ ಈ ಊರಿಗೆ ಮಾಟಗಾತಿಯರ ಹೆಸರು ಅಂಟಿಕೊಂಡ ಬಗೆ ನಗುವಂಥದ್ದಲ್ಲ. ೧೬೯೨ರಲ್ಲಿ ಸೇಲಮ್ ಗ್ರಾಮದ ಬೋಧಕರ ಮನೆಯಲ್ಲಿ ೯ ವರ್ಷದ ಮಗಳೂ ಆಕೆಗಿಂತ ಸ್ವಲ್ಪ ಹಿರಿಯಳಾದ ನಂಟರ ಹುಡುಗಿಯೂ ಮೈ ನಡುಗಿಸಿ ಕಿರಿಚತೊಡಗಿದರು. ನೆರೆಯ ೧೨ ವರ್ಷದ ಆನ್ ಪಟ್ನಮ್ ಮೊದಲಾದ ಹುಡುಗಿಯರೂ ಕೂಡಿಕೊಂಡರು. ಯಾರು ಪೀಡಿಸುತ್ತಾರೆಂದು ಹಿರಿಯರು ಕೇಳಿದಾಗ ಮೊದಲು ಮೂವರು ಅಬಲೆಯರ ಹೆಸರು ಬಂದವು: ಒಬ್ಬಳು ದಾಸಿ, ಒಬ್ಬಳು ಭಿಕ್ಷೆ ಬೇಡುವವಳು, ಒಬ್ಬಳು ಹಾಸಿಗೆ ಹಿಡಿದವಳು. ಆಮೇಲೆ ೭೧ ವರ್ಷದ ಭಕ್ತೆ ರೆಬೆಕ್ಕಾ ನರ್ಸ್ ಎಂಬಾಕೆಯೂ ಸಿಕ್ಕಿಬಿದ್ದಳು. ಆಪಾದಿತರ ಆಕಾರವು ಬಂದು ತಮ್ಮನ್ನು ಚಿವುಟಿತೆಂದು ಹುಡುಗಿಯರು ಹೇಳಿದ್ದನ್ನೇ ನ್ಯಾಯಾಧೀಶರು ಸಾಕ್ಷ್ಯವೆಂದು ಅಂಗೀಕರಿಸಿದರು. ೧೪ ಮಂದಿ ಸ್ತ್ರೀಯರನ್ನೂ ೫ ಮಂದಿ ಪುರುಷರನ್ನೂ ಗಲ್ಲಿಗೇರಿಸಿದರು. ವೃದ್ಧನಾದ ಜೈಲ್ಸ್ ಕೋರಿಯನ್ನು ಕಲ್ಲು ಹೇರಿ ಕೊಂದರು. ಕನಿಷ್ಠ ಐವರು ಸೆರೆಯಲ್ಲಿ ಸತ್ತರು. ತಾನು ಮಾಟಗಾತಿಯೆಂದು ಒಪ್ಪಿಕೊಂಡು ಆ ಮಾತಿನಲ್ಲಿಯೇ ನಿಂತವರಾರೂ ಗಲ್ಲಿಗೇರಲಿಲ್ಲ. ಒಂದು ಸುಳ್ಳು ಹೇಳಿದ್ದರೆ ಬದುಕಬಹುದಾಗಿದ್ದವರು ಸತ್ಯವನ್ನು ನುಡಿದು ಪ್ರಾಣವನ್ನೊಪ್ಪಿಸಿದರು.

ಇವರ ಸ್ಮಾರಕವು ೧೬೩೭ರಷ್ಟು ಹಳೆಯದಾದ ಸ್ಮಶಾನದ ಪಕ್ಕದಲ್ಲಿದೆ, ೧೯೯೨ರಲ್ಲಿ ಪ್ರತಿಷ್ಠಿತವಾದದ್ದು. ಕಲ್ಲಿನ ಗೋಡೆಯಿಂದ ಚಾಚಿದ ೨೦ ಪೀಠಗಳ ಮೇಲೆ ಒಬ್ಬೊಬ್ಬರ ಹೆಸರು, ಸತ್ತ ಬಗೆ, ಸತ್ತ ದಿನ ಇಷ್ಟೇ ಕೆತ್ತಿವೆ. ಬಾಗಿಲ ಬಳಿಯ ನೆಲಗಲ್ಲಿನಲ್ಲಿ ತಾವು ನಿರಪರಾಧಿಗಳೆಂದು ಅವರಾಡಿದ ಮಾತುಗಳಿವೆ. ಅರ್ಧದಲ್ಲಿಯೇ ಗೋಡೆ ಅವನ್ನು ತುಂಡರಿಸಿದೆ. ಅಂದು ಮೊನೆಟೋಪಿಯನ್ನು ತೊಟ್ಟ ಪುಟ್ಟ ಹುಡುಗಿಯೊಬ್ಬಳು ಒಂದು ಪೀಠದ ಮೇಲೆ ಕುಳಿತು ಮಿಠಾಯಿ ತಿನ್ನುತ್ತಿದ್ದಳು. ತಾಯಿ ಬಂದು ಪಕ್ಕದ ಅಕ್ಷರಗಳನ್ನು ತೋರಿಸಿದಳು. ಮಗು ಕೂಡಿಸಿ ಕೂಡಿಸಿ ಓದಿ, ಮೆಲ್ಲನೆ ಎದ್ದು ನಿಂತಿತು. ನಮ್ಮ ಬಾಯಿಂದಲೂ ಮಾತು ಹೊರಡಲಿಲ್ಲ.

ಇದೇ ಸೇಲಮಿಗೂ ನಮ್ಮ ದೇಶಕ್ಕೂ ಬೇರೊಂದು ನಂಟುಂಟು. ೧೮೧೨ರ ಫೆಬ್ರವರಿ ೬ರಂದು ಅಲ್ಲಿಯ ಟ್ಯಾಬರ್ನಕಲ್ ದೇವಾಲಯದಲ್ಲಿ ಐವರು ಯುವಕರು ದೀಕ್ಷೆ ಪಡೆದು ಅಮೇರಿಕೆಯಿಂದ ಕಡಲಾಚೆಗೆ ಹೊರಟ ಮೊದಲ ಮಿಶನರಿಗಳಾದರು. ಅವರಲ್ಲಿ ಇಬ್ಬರು ತಮ್ಮ ಪತ್ನಿಯರೊಡನೆ ಅದೇ ರೇವಿನಿಂದ ಕ್ಯಾರವಾನ್ ಎಂಬ ಹಡಗಿನಲ್ಲಿ ಕಲ್ಕತ್ತೆಗೆ ಬಂದರು. ಅನ್ಯಾಯದ ನುಡಿಯೂ ಸುವಾರ್ತೆಯ ನುಡಿಯೂ ಒಂದೇ ಊರಿನ ಬಾಯಿಂದ ಬಂದುವಲ್ಲಾ ಎಂದು ನಾವು ಬಹಳ ಹೊತ್ತು ಆಲೋಚಿಸಿದೆವು. ನಮ್ಮ ನಾಡಿನಲ್ಲಿಯೂ ಬಡ ವಿಧವೆಯನ್ನು ಮಾಟಗಾತಿಯೆಂದು ಹಿಂಸಿಸುವ ವಾರ್ತೆಗಳು ಇಂದಿಗೂ ನಿಂತಿಲ್ಲ. ಇಂಥ ಕ್ರೌರ್ಯವನ್ನು ತಡೆಯಲು ಬಿಹಾರ ಪ್ರಾಂತವು ೧೯೯೯ರಲ್ಲಿ ಶಾಸನವನ್ನೇ ಮಾಡಬೇಕಾಯಿತು.

ಪ್ರಿಯ ಸೋದರಿಯರೇ, ಈ ಕಥೆಯ ಕೊನೆಯ ಭಾಗವು ನಿಮ್ಮ ವಯಸ್ಸಿನವರಿಗೇ ಸೇರಿದ್ದು. ಆನ್ ಪಟ್ನಮ್ ೧೭೦೬ರಲ್ಲಿ ಸಭೆಯ ಮುಂದೆ ನಿಂತು ಕ್ಷಮೆ ಬೇಡಿದಳು. ಕಾಲಕ್ರಮದಲ್ಲಿ ಶಿಕ್ಷೆ ಹೊಂದಿದ ಇತರರ ಹೆಸರುಗಳು ನಿರ್ಮಲವಾದರೂ, ೨೨ನೆಯ ವಯಸ್ಸಿನಲ್ಲಿ ಸೆರೆಸೇರಿ, ಮರಣದಂಡನೆಯ ತೀರ್ಪು ಪಡೆದು ಹೇಗೋ ಪ್ರಾಣ ಉಳಿಸಿಕೊಂಡ ಎಲಿಜಬೆತ್ ಜಾನ್ಸನ್ ಎಂಬವಳ ಹೆಸರು ಮಾತ್ರ ಉಳಿದುಹೋಗಿತ್ತು. ಮಕ್ಕಳಿಲ್ಲದ ಆಕೆಯ ಪರವಾಗಿ ಕೇಳುವ ಸಂತತಿಯಿರಲಿಲ್ಲ. ನಾರ್ತ್ ಆಂಡೋವರ್ ಎಂಬ ಊರಿನ ಶಾಲೆಯ ಎಂಟನೆಯ ತರಗತಿಯ ಮಕ್ಕಳು ದಾಖಲೆಗಳನ್ನು ಓದಿ ಶಾಸಕರಿಗೆ ಪತ್ರಗಳನ್ನು ಬರೆದರು. ಆ ಪ್ರಯತ್ನದ ಫಲವಾಗಿ ೨೦೨೨ರಲ್ಲಿ, ಸುಮಾರು ೩೩೦ ವರ್ಷಗಳ ಬಳಿಕ, ಆಕೆ ನಿರಪರಾಧಿಯೆಂದು ಕಾನೂನೇ ಸಾರಿತು.

ನಾಲಿಗೆಯನ್ನು ಅಪೊಸ್ತಲನಾದ ಯಾಕೋಬನು ಬೆಂಕಿಗೆ ಹೋಲಿಸಿದ್ದಾನೆ. ಹುಡುಗಿಯರ ಮಾತಿನಿಂದ ಹತ್ತಿದ ಬೆಂಕಿಯ ಕೊನೆಯ ಕಿಡಿಯನ್ನು ಶಾಲೆಯ ಮಕ್ಕಳ ಲೇಖನಿಯೇ ಆರಿಸಿತು. ತರಗತಿಯಲ್ಲಾಗಲಿ ಊರಿನಲ್ಲಾಗಲಿ ಒಬ್ಬಳ ಮೇಲೆ ಎಲ್ಲರೂ ಬೆರಳು ಮಾಡಿ ತೋರಿಸುವಾಗ, ಅವಳ ಪಕ್ಕದಲ್ಲಿ ನಿಲ್ಲುವ ಧೈರ್ಯವನ್ನೂ ವಿವೇಕವನ್ನೂ ದೇವರು ನಮ್ಮೆಲ್ಲರಿಗೂ ಅನುಗ್ರಹಿಸಲಿ.