ಹಲ್ಲಿನ ಲೆಕ್ಕ

ಶ್ರೀಮಠದ ಪ್ರಸಾದ ನಿಲಯದ ಹಳೆಯ ವಿದ್ಯಾರ್ಥಿಗಳು ಜಾತ್ರೆಗೆ ಬಂದಾಗ ದಾಸೋಹದ ಅಡುಗೆಮನೆಯ ಮುಂದಿನ ನಲ್ಲಿಗೆ ಕೆಂಪು ಬಣ್ಣ ಹಚ್ಚಿರುವುದನ್ನು ಕಂಡು, ತಾವು ಬಾಲ್ಯದಲ್ಲಿ ಬೊಗಸೆಯೊಡ್ಡಿ ಕುಡಿದ ನೀರಿಗೆ ಏನಾಯಿತೆಂದು ಕೇಳುವುದುಂಟು. ಕೇಳಿದವರಿಗೆ ಬಾಯಿಮಾತಿನಲ್ಲಿ ಹೇಳಿದ್ದೇವೆಯೇ ಹೊರತು ಬರೆದಿರಲಿಲ್ಲ. ಮಕ್ಕಳ ವಿಜ್ಞಾನಾಭ್ಯಾಸವನ್ನು ಕುರಿತು ನಾಲ್ಕು ಮಾತು ಬರೆದುಕೊಡಬೇಕೆಂದು ಪತ್ರಿಕೆಯ ಸಂಪಾದಕರು ಒತ್ತಾಯಿಸಿದ ಕಾರಣ, ಇಬ್ಬರು ಬಾಲಕರು ನಮ್ಮ ಕೈಗಿತ್ತಿದ್ದ ಎರಡು ನೋಟುಪುಸ್ತಕಗಳನ್ನು ಮುಂದಿಟ್ಟುಕೊಂಡು ಈಗ ಬರೆಯುತ್ತಿದ್ದೇವೆ.

ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವು 1993ರಲ್ಲಿ ಆರಂಭವಾದದ್ದು. ಹತ್ತರಿಂದ ಹದಿನೇಳು ವರ್ಷದ ಮಕ್ಕಳು ತಮ್ಮ ಊರಿನದೇ ಒಂದು ಸಮಸ್ಯೆಯನ್ನು ಆರಿಸಿಕೊಂಡು, ತಿರುಗಿ ನೋಡಿ, ಅಳೆದು, ಎಣಿಸಿ, ಕಂಡದ್ದನ್ನು ಕಂಡಂತೆ ದಿನಚರಿಯಲ್ಲಿ ಬರೆದು ಮಂಡಿಸಬೇಕು. ಮೊದಲು ಜಿಲ್ಲೆಯಲ್ಲಿ, ಆಯ್ಕೆಯಾದರೆ ರಾಜ್ಯದಲ್ಲಿ, ಅನಂತರ ರಾಷ್ಟ್ರಮಟ್ಟದಲ್ಲಿ. ನಮ್ಮ ನಾಡಿನಲ್ಲಿ ಇದನ್ನು ನಡೆಸಿಕೊಂಡು ಬಂದದ್ದು 1980ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. ಶಾಲೆಗಳ ವಾರ್ಷಿಕೋತ್ಸವದಲ್ಲಿ ಅತಿಥಿಗಳ ಮುಂದೆ ಹೊಗೆಯುಗುಳುವ ಥರ್ಮಾಕೋಲಿನ ಜ್ವಾಲಾಮುಖಿಗಳನ್ನು ನಾವು ಬೇಕಾದಷ್ಟು ಉದ್ಘಾಟಿಸಿದ್ದೇವೆ. ಅವುಗಳಿಗೂ ಇದಕ್ಕೂ ಸಂಬಂಧವಿಲ್ಲ. ಇನ್ನೊಂದು ಒಳ್ಳೆಯ ನಿಯಮವೆಂದರೆ, ಮಗು ತನ್ನ ಭಾಷೆಯಲ್ಲಿಯೇ ಬರೆಯಬಹುದು, ಮಾತನಾಡಬಹುದು.

2018ರಲ್ಲಿ ಸ್ವಚ್ಛ, ಹಸಿರು ಹಾಗೂ ಆರೋಗ್ಯಕರ ರಾಷ್ಟ್ರವೆಂಬುದು ಸಮಾವೇಶದ ವಿಷಯವಾಗಿದ್ದಿತು. ನಮ್ಮ ಪ್ರೌಢಶಾಲೆಯ ಒಂಬತ್ತನೆಯ ತರಗತಿಯ ಇಬ್ಬರು ಹುಡುಗರು ವಿಜ್ಞಾನದ ಶಿಕ್ಷಕರ ಬೆನ್ನು ಹತ್ತಿ, ಊರಿನ ಮಕ್ಕಳ ಹಲ್ಲಿನ ಕಂದು ಕಲೆಗಳನ್ನು ಕುರಿತು ಅಭ್ಯಾಸ ಮಾಡುವುದಾಗಿ ಹೇಳಿದರು. ಒಬ್ಬನು ಇದೇ ಊರಿನವನು. ನಗುವಾಗ ಕೈಯನ್ನು ಬಾಯಿಗೆ ಅಡ್ಡ ಹಿಡಿಯುವ ಹುಡುಗ. ಮತ್ತೊಬ್ಬನು ಹೊಳೆಯ ದಂಡೆಯ ಹಳ್ಳಿಯವನು, ಐದನೆಯ ತರಗತಿಗೆ ಬಂದು ಪ್ರಸಾದ ನಿಲಯ ಸೇರಿದವನು. ವಿಷಯವನ್ನು ಕೇಳಿ ನಾವು ನಕ್ಕು, ಬೇವಿನಕಡ್ಡಿಯಿಂದ ಹಲ್ಲುಜ್ಜಿದರೆ ಕಲೆ ಹೋಗುವುದೆಂದು ಹೇಳಿ ಆಶೀರ್ವದಿಸಿ ಕಳುಹಿಸಿದೆವು.

ಒಂದು ತಿಂಗಳ ನಂತರ ಅವರು ಒಂದು ಸಣ್ಣ ಗಾಜಿನ ನಳಿಗೆಯನ್ನು ಹಿಡಿದು ಬಂದರು. ನೀರಿಗೆ ಔಷಧದ ಹನಿ ಹಾಕಿದಾಗ ಫ್ಲೋರೈಡ್ ಇಲ್ಲದಿದ್ದರೆ ಗುಲಾಬಿ ಬಣ್ಣ ಉಳಿಯುತ್ತದೆ. ಹೆಚ್ಚಾದಂತೆ ಹಳದಿಗೆ ತಿರುಗುತ್ತದೆ. ಮಳೆಯ ನೀರು ಗುಲಾಬಿಯಾಗಿಯೇ ಉಳಿದಿತ್ತು. ದಾಸೋಹದ ನಲ್ಲಿಯ ನೀರು ಅರಿಶಿನದಂತೆ ಹಳದಿಯಾಗಿತ್ತು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ದೊರೆಯದಿದ್ದಲ್ಲಿ 1.5ರವರೆಗೆ ಸಹಿಸಬಹುದು ಎಂಬುದು ನಮ್ಮ ದೇಶದ ಮಾನಕ. ಪ್ರಯೋಗಾಲಯಕ್ಕೆ ಕಳುಹಿಸಿ ನೋಡಿದಾಗ ನಮ್ಮ ನೀರು ಆ ಎರಡನೆಯ ಮಿತಿಯ ಎರಡರಷ್ಟನ್ನು ದಾಟಿತ್ತು.

ಆ ನೀರು ಯಾವುದೆಂಬುದನ್ನು ಇಲ್ಲಿ ಹೇಳಬೇಕು. 2001ರಿಂದ ಮೇಲಿಂದ ಮೇಲೆ ಬಿದ್ದ ಬರದಲ್ಲಿ ಊರಿನ ಕೆರೆ ಬತ್ತಿದಾಗ, ಭಕ್ತರೊಬ್ಬರ ದಾನದಿಂದ ಮಠದ ಅಂಗಳದಲ್ಲಿ ಆಳವಾದ ಕೊಳವೆಬಾವಿಯನ್ನು ಕೊರೆಸಿ, ಗಂಗಾಪೂಜೆ ಮಾಡಿ, ಪ್ರಸಾದ ನಿಲಯಕ್ಕೂ ಊರಿಗೂ ನೀರು ಹರಿಸಿದವರು ನಾವೇ. ಅಂದು ಊರು ನಮ್ಮನ್ನು ಹೊಗಳಿತು. ಹೊಗಳಿಕೆ ನಮಗೆ ರುಚಿಸಿತೆಂಬುದನ್ನೂ ಮುಚ್ಚಿಡುವುದಿಲ್ಲ. ಕೊಳವೆಯ ಪಕ್ಕದ ಶಿಲಾಫಲಕದಲ್ಲಿ ದಾನಿಗಳ ಹೆಸರೂ ನಮ್ಮ ಹೆಸರೂ ಇವೆ. ನಮ್ಮ ನಿತ್ಯದ ಲಿಂಗಪೂಜೆಯ ಅಗ್ಗವಣಿಯೂ ಅದೇ ಬಾವಿಯದಾಗಿದ್ದಿತು.

ಗದಗ, ಕೊಪ್ಪಳ, ರಾಯಚೂರು ಸೀಮೆಯಲ್ಲಿಯೂ ಪಾವಗಡದ ಕಡೆಯೂ ನೆಲದಡಿಯ ಗಟ್ಟಿ ಕಲ್ಲಿನಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ಕೆರೆಯ ನೀರು ಮೇಲಿನದು, ಮಳೆಯದು. ಆಳದ ನೀರಾದರೋ ಬಹುಕಾಲ ಕಲ್ಲಿನ ಸಂದಿಯಲ್ಲಿಯೇ ನಿಂತು ಆ ಲವಣವನ್ನು ಕರಗಿಸಿಕೊಂಡಿರುತ್ತದೆ. 1937ರಷ್ಟು ಹಿಂದೆಯೇ ನೆಲ್ಲೂರಿನ ಕಡೆಯ ಹಳ್ಳಿಗಳಲ್ಲಿ ಇದರಿಂದ ಎಲುಬು ಬಿಗಿದು ಬೆನ್ನು ಬಾಗಿದವರನ್ನು ಕುರಿತು ವೈದ್ಯರು ಬರೆದಿದ್ದರೆಂದು ಶಿಕ್ಷಕರು ತಿಳಿಸಿದರು. ನಾವು ಕೂಡಲೇ ಅಡುಗೆಯವರನ್ನು ಕರೆದು, ನಾಳೆಯಿಂದ ಮಕ್ಕಳಿಗೆ ನೀರನ್ನು ಚೆನ್ನಾಗಿ ಕುದಿಸಿ ಕೊಡಬೇಕೆಂದು ಅಪ್ಪಣೆ ಮಾಡಿದೆವು. ಹೊಳೆದಂಡೆಯ ಹುಡುಗನು ಕೈಮುಗಿದು, ‘ಅಜ್ಜಾರ, ಕುದಿಸಿದ್ರ ನೀರಷ್ಟ ಆವಿಯಾಗಿ ಹೋಗತೈತ್ರಿ, ಫ್ಲೋರೈಡ್ ಹೋಗೂದಿಲ್ಲರಿ. ಉಳಿದ ನೀರಾಗ ಇನ್ನಷ್ಟು ಹೆಚ್ಚಾಗತೈತ್ರಿ’ ಎಂದನು. ಮಠದಲ್ಲಿ ನಮ್ಮ ಅಪ್ಪಣೆಗೆ ಎದುರು ಮಾತು ಬಂದುದು ಬಹಳ ವರ್ಷಗಳ ಮೇಲೆ. ಮಾತು ನಿಜವಾಗಿದ್ದುದರಿಂದ ಸುಮ್ಮನಾದೆವು.

ಜಿಲ್ಲಾ ಸಮಾವೇಶದಲ್ಲಿ ಪ್ರಬಂಧವನ್ನು ಕೇಳಿದ ತೀರ್ಪುಗಾರರೊಬ್ಬರು ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ಬಾಯಿ ತೆರೆಯಿಸಿ, ‘ಇಬ್ಬರೂ ನಾಲ್ಕು ವರ್ಷದಿಂದ ಒಂದೇ ನೀರು ಕುಡಿಯುತ್ತಿದ್ದೀರಿ. ಇವನ ಹಲ್ಲಿನಲ್ಲಿ ಕಲೆಯಿದೆ, ನಿನ್ನ ಹಲ್ಲಿನಲ್ಲಿ ಏಕಿಲ್ಲ?’ ಎಂದು ಕೇಳಿದರಂತೆ. ಉತ್ತರ ಇವರಲ್ಲಿರಲಿಲ್ಲ. ‘ಗೊತ್ತಿಲ್ಲರಿ, ತಿರುಗಿ ನೋಡತೀವಿ’ ಎಂದರಂತೆ. ಆದರೂ ಆಯ್ಕೆಯಾದರು, ಆ ಮಾತಿಗಾಗಿಯೇ ಆದರೆಂದು ನಮ್ಮ ಊಹೆ.

ತಿರುಗಿ ನೋಡಿದ ಬಗೆಯನ್ನು ಕಿರಿಯರು ತಿಳಿಯತಕ್ಕದ್ದು. ಮೊದಲ ಸಲ ಪ್ರಸಾದ ನಿಲಯದ ಮಕ್ಕಳಲ್ಲಿ ಕಲೆಯುಳ್ಳವರನ್ನು ಎಣಿಸಿ, ಕಾರಣ ನಮ್ಮ ನೀರೆಂದು ಬರೆದಿದ್ದರು. ಎರಡನೆಯ ಸಲ ಪ್ರತಿಯೊಬ್ಬನ ಹೆಸರಿನ ಮುಂದೆ, ಹುಟ್ಟಿದ ಊರು ಯಾವುದು, ಇಲ್ಲಿಗೆ ಬಂದಾಗ ವಯಸ್ಸೆಷ್ಟು ಎಂಬ ಎರಡು ಕಲಂ ಸೇರಿಸಿದರು. ಆಗ ಚಿತ್ರವೇ ಬದಲಾಯಿತು. ಹತ್ತು ವರ್ಷ ದಾಟಿ ಬಂದ ಮಕ್ಕಳ ಹಲ್ಲು ಅವರವರ ಊರಿನ ನೀರನ್ನು ಹೇಳುತ್ತಿತ್ತೇ ವಿನಾ ನಮ್ಮ ನೀರನ್ನಲ್ಲ. ಶಾಶ್ವತ ದಂತದ ಹೊರಪದರವು ದವಡೆಯ ಒಳಗೆ ರೂಪುಗೊಳ್ಳುವುದು ಸುಮಾರು ಎಂಟನೆಯ ವಯಸ್ಸಿನವರೆಗೆ. ಈ ಕಲೆ ಬೀಳುವುದು ಆ ಅವಧಿಯಲ್ಲಿ ಕುಡಿದ ನೀರಿನಿಂದ. ಕಾಶಿಯಲ್ಲಿ ತರ್ಕವನ್ನೋದುವಾಗ ನಾವು ಕಂಠಪಾಠ ಮಾಡಿದ ಉದಾಹರಣೆ ಹೊಗೆ-ಬೆಂಕಿಯದು. ಹೊಗೆಯಿದ್ದಲ್ಲಿ ಬೆಂಕಿಯಿದೆ, ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯಿಲ್ಲ, ಹಸಿ ಸೌದೆಯಿದ್ದರೆ ಮಾತ್ರ ಉಂಟು. ಆ ಹಸಿ ಸೌದೆಯನ್ನು ನೈಯಾಯಿಕರು ಉಪಾಧಿಯೆಂದು ಕರೆದರು. ಇಲ್ಲಿ ಹಸಿ ಸೌದೆ ಎಂದರೆ ವಯಸ್ಸು. ಗ್ರಂಥದಲ್ಲಿ ವರ್ಷಗಟ್ಟಲೆ ಓದಿದುದನ್ನು ಒಬ್ಬ ಬಾಲಕನ ಬಿಳಿಯ ಹಲ್ಲಿನಲ್ಲಿ ಕಂಡೆವು.

ಪ್ರಸಾದ ನಿಲಯದ ಮಕ್ಕಳ ಹಲ್ಲಿನ ಆರೋಪದಿಂದ ಬಾವಿ ಪಾರಾಯಿತೆಂದು ನಾವು ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ ಹುಡುಗರು ಊರೊಳಗೆ ಹೊಕ್ಕರು. ಮನೆಮನೆಗೆ ಹೋಗಿ ಇನ್ನೂರಕ್ಕೂ ಮಿಕ್ಕಿ ಜನರ ಬಾಯಿ ನೋಡಿದರು. ಕೆರೆಯ ನೀರು ಕುಡಿದು ಬೆಳೆದ ಹಿರಿಯರ ಹಲ್ಲು ಎಲೆ-ಅಡಿಕೆಯಿಂದ ಕೆಂಪಾಗಿತ್ತೇ ಹೊರತು ಈ ಕಲೆ ಇರಲಿಲ್ಲ. ಬಾವಿ ಬಂದಾಗ ಸಣ್ಣವರಾಗಿದ್ದವರಲ್ಲಿ ಕೆಲವು ಹಲ್ಲು ಮಾತ್ರ. ಬಾವಿಯ ನಂತರ ಇಲ್ಲಿಯೇ ಹುಟ್ಟಿ ಬೆಳೆದವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ. ಬಾವಿಯನ್ನು ಕೊರೆಸಿದ ವರ್ಷವನ್ನು ಫಲಕದಲ್ಲಿ ಓದುವ ಅಗತ್ಯವೇ ಇಲ್ಲದಂತೆ ಅದು ಮಕ್ಕಳ ಬಾಯಲ್ಲಿ ಬರೆದಿತ್ತು.

ರಾಜ್ಯ ಸಮಾವೇಶಕ್ಕೆ ಪ್ರಬಂಧವನ್ನು ಪ್ರತಿಮಾಡುವ ಮುನ್ನ ಒಂದು ಸಂಜೆ ಇಬ್ಬರೂ ಬಂದು, ‘ಅಜ್ಜಾರ, ಬಾವಿ ಯಾರದಂತ ಬರೀಬೇಕ್ರಿ?’ ಎಂದು ಕೇಳಿದರು. ಮಠದ ಹಿರಿಯರಿಬ್ಬರು ಅಲ್ಲಿಯೇ ಕುಳಿತಿದ್ದರು. ಜಾತ್ರೆ ಹತ್ತಿರ ಬಂದಿದೆ, ದಾನಿಗಳ ಮನೆತನಕ್ಕೆ ನೋವಾಗುವುದು, ಮಕ್ಕಳಾಟಕ್ಕೆ ಮಠದ ಹೆಸರೇಕೆ ಎಂದು ಅವರೆಂದರು. ನಾವು ಸ್ವಲ್ಪ ಹೊತ್ತು ಯೋಚಿಸಿದಂತೆ ಮಾಡಿ, ‘ಗ್ರಾಮದ ಒಂದು ಕೊಳವೆಬಾವಿ ಎಂದು ಬರೆಯಿರಿ, ಸಾಕು’ ಎಂದೆವು. ಹುಡುಗರು ಹಾಗೆಯೇ ಬರೆದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅಂದಿನ ರಾತ್ರಿಯ ಪೂಜೆಯಲ್ಲಿ ಕೈಗೆ ಹಾಕಿಕೊಂಡ ನೀರು ಮಾತ್ರ ನಮಗೆ ಭಾರವೆನಿಸಿತು. ಹಾಗಿದ್ದೂ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ.

ಆ ವರ್ಷದ ರಾಷ್ಟ್ರೀಯ ಸಮಾವೇಶ ಡಿಸೆಂಬರ್ ಕೊನೆಯ ವಾರದಲ್ಲಿ ಭುವನೇಶ್ವರದಲ್ಲಿ ನಡೆಯಿತು. ತಂಡದ ನಾಯಕನಿಗೆ ಮಾತ್ರ ಅಲ್ಲಿಗೆ ಹೋಗುವ ಅವಕಾಶ. ಊರಿನ ಹುಡುಗನು ಹೋದನು, ಹೊಳೆದಂಡೆಯವನು ಉಳಿದನು. ಹಿಂತಿರುಗಿದ ಮೇಲೆ ಇಬ್ಬರಿಗೂ ತಮ್ಮ ಅನುಭವವನ್ನು ಬರೆದು ಕೊಡಿರೆಂದು ಹೇಳಿದ್ದೆವು.

ಹೋದವನ ಪುಸ್ತಕದಲ್ಲಿ ಮೊದಲ ನಾಲ್ಕು ಪುಟ ರೈಲಿನದು, ಊಟದ್ದು. ಸಾಸಿವೆ ಎಣ್ಣೆಯ ಪಲ್ಯ ಅವನಿಗೆ ಸೇರಲಿಲ್ಲ. ರಾಜಸ್ಥಾನದ ಹುಡುಗನೊಬ್ಬನು ಇವನ ಚಿತ್ರಪಟದ ಮುಂದೆ ನಿಂತು, ಒಂದಕ್ಷರವೂ ಓದಲಾರದೆ, ಚಿತ್ರವನ್ನು ಕಂಡು ತನ್ನ ಬಾಯಿ ತೆರೆದು ತೋರಿಸಿದನಂತೆ. ಅವನ ಹಲ್ಲಿನಲ್ಲಿಯೂ ಅದೇ ಕಂದು ಗೆರೆ. ‘ಅವಂದು ಹಿಂದಿ, ನಂದು ಕನ್ನಡ. ಇಬ್ಬರೂ ಹಲ್ಲು ತೋರಿಸಿ ಬಹಳ ಹೊತ್ತು ನಕ್ಕೆವು’ ಎಂದು ಬರೆದಿದ್ದಾನೆ. ಕೈ ಅಡ್ಡ ಹಿಡಿದನೋ ಇಲ್ಲವೋ ಬರೆದಿಲ್ಲ.

ಏಳನೆಯ ಪುಟದಲ್ಲಿ ಹೀಗಿದೆ: ‘ಅಲ್ಲಿಯ ಒಬ್ಬ ಸರ್, ಅನುವಾದ ಮಾಡುವವರ ಮೂಲಕ, ಬಾವಿ ಯಾರದು ಎಂದು ಕೇಳಿದರು. ಗ್ರಾಮದ್ದು ಎಂದು ಹೇಳಬೇಕೆಂದು ಬಾಯಿ ತೆರೆದೆ. ನಮ್ಮ ಅಜ್ಜಾರ ಮಠದ್ದು ಎಂದು ಬಂತು. ಅಜ್ಜಾರು ಸಿಟ್ಟಾಗಬಾರದು.’

ಅದರ ಮುಂದಿನ ಪುಟ ಧೌಲಿಯದು. ಭುವನೇಶ್ವರದ ಬಳಿಯ ಆ ಬಂಡೆಗೆ ಶಿಕ್ಷಕರು ಅವನನ್ನು ಕರೆದೊಯ್ದಿದ್ದರು. ಕೊಪ್ಪಳದ ಗವಿಮಠದ ಬೆಟ್ಟದಲ್ಲಿರುವ ಅಶೋಕನ ಶಾಸನವನ್ನು ಜಾತ್ರೆಗೆ ಹೋದಾಗ ಕಂಡಿದ್ದವನಾದ್ದರಿಂದ ಅವನಿಗೆ ಅಕ್ಷರಗಳ ಗುರುತು ಹತ್ತಿತು. ಕಳಿಂಗ ಯುದ್ಧದಲ್ಲಿ ಸತ್ತವರಿಗಾಗಿ ಮರುಗಿದ ಮಾತುಗಳುಳ್ಳ ಹದಿಮೂರನೆಯ ಶಾಸನವು ಕಳಿಂಗದ ಆ ಬಂಡೆಯ ಮೇಲೆಯೇ ಇಲ್ಲವೆಂದೂ, ಅದು ಗಿರನಾರ, ಶಹಬಾಜ್‌ಗಢಿ ಮೊದಲಾದ ದೂರದ ಕಡೆಗಳಲ್ಲಿದೆಯೆಂದೂ ಶಿಕ್ಷಕರು ಹೇಳಿದರಂತೆ. ಹುಡುಗನು ಅದರ ಕೆಳಗೆ ಒಂದೇ ಸಾಲು ಬರೆದಿದ್ದಾನೆ: ‘ಇಲ್ಲಿಯವರಿಗೆ ಯಾಕೆ ಹೇಳಲಿಲ್ಲವೋ.’ ಅವನು ಬರೆದುದು ಅಶೋಕನನ್ನು ಕುರಿತೇ ಇರಬೇಕು. ಪುಸ್ತಕ ಮುಚ್ಚಿ ನಾವು ಬಹಳ ಹೊತ್ತು ಕುಳಿತೆವು.

ಉಳಿದವನ ಪುಸ್ತಕ ಚಿಕ್ಕದು, ಸ್ವಲ್ಪ ಖಾರದ್ದು. ಮನೆಮನೆ ತಿರುಗಿದವರು ಇಬ್ಬರು, ರೈಲು ಹತ್ತಿದವನೊಬ್ಬನೆಂದು ಆರಂಭ. ನಿಯಮ ನಿಯಮವೇ ಎಂದು ತಾನೇ ಸಮಾಧಾನ ಹೇಳಿಕೊಂಡು, ಗೆಳೆಯನು ಊರಲ್ಲಿಲ್ಲದ ದಿನಗಳಲ್ಲಿ ತಾನು ಮಾಡಿದುದನ್ನು ಬರೆದಿದ್ದಾನೆ. ಪಟಕ ಮತ್ತು ಸುಣ್ಣ ಬೆರೆಸಿ ಕದಡಿ ತಿಳಿಗೊಳಿಸುವ ನಲಗೊಂಡ ವಿಧಾನವನ್ನು ಬಕೆಟ್ಟಿನಲ್ಲಿ ಮಾಡಿ ನೋಡಿದನು. ಫ್ಲೋರೈಡ್ ಇಳಿಯಿತು, ಆದರೆ ತಳದಲ್ಲಿ ಕೂತ ರಾಡಿಯನ್ನು ಎಲ್ಲಿ ಚೆಲ್ಲುವುದೆಂದು ತಿಳಿಯಲಿಲ್ಲ. ಅನಂತರ ಹಗ್ಗ ಹಿಡಿದು ದಾಸೋಹ ಭವನದ ಮಾಳಿಗೆಯನ್ನು ಅಳೆದನು. 400 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ವರ್ಷಕ್ಕೆ 500 ಮಿಲಿಮೀಟರ್ ಎಂದು ಹಿಡಿದರೂ ಎರಡು ಲಕ್ಷ ಲೀಟರ್. ಪೋಲಾಗುವುದನ್ನು ಕಳೆದು ಒಂದೂವರೆ ಲಕ್ಷ. ನೂರಿಪ್ಪತ್ತು ಮಕ್ಕಳಿಗೆ ದಿನಕ್ಕೆ ತಲಾ ಮೂರು ಲೀಟರಿನಂತೆ ವರ್ಷವಿಡೀ ಕುಡಿಯಲು ಸಾಕು. ನೀರು ಇಷ್ಟು ದಿನ ನಮ್ಮ ತಲೆಯ ಮೇಲಿನಿಂದ ಚರಂಡಿಗೆ ಹೋಗುತ್ತಿತ್ತು.

2019ರ ಜಾತ್ರೆಯ ಧರ್ಮಸಭೆಯಲ್ಲಿ ನಾವು ಆ ಇಬ್ಬರನ್ನೂ ವೇದಿಕೆಗೆ ಕರೆದು ಸತ್ಕರಿಸಿ, ಬಾವಿಯ ವಿಷಯವನ್ನೂ, ಹೆಸರನ್ನು ಮರೆಸಲು ನಾವು ಹೇಳಿದ್ದನ್ನೂ ಊರವರ ಮುಂದೆ ಹೇಳಿದೆವು. ಸಭೆ ಸ್ತಬ್ಧವಾಯಿತು. ಒಬ್ಬ ತಾಯಿ ಎದ್ದುನಿಂತು, ‘ನನ್ನ ಮಗಳಿಗೆ ಹಲ್ಲು ನೋಡಿ ಎರಡು ಕಡೆ ಸಂಬಂಧ ತಪ್ಪಿತ್ರಿ ಅಜ್ಜಾರ’ ಎಂದಳು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ದಾನಿಗಳು ಅರ್ಧದಲ್ಲಿಯೇ ಎದ್ದುಹೋದರು. ಎರಡು ವರ್ಷ ಮಠದ ಹೊಸ್ತಿಲು ತುಳಿಯಲಿಲ್ಲ. ತಿಳಿಯದೆ ಮಾಡಿದ ದಾನಕ್ಕೆ ಅವರ ಮೇಲೆ ದೋಷವಿಲ್ಲವೆಂದು ನಾವು ಹೇಳಿ ಕಳುಹಿಸಿದರೂ ಬರಲಿಲ್ಲ. ಬಂದ ದಿನ ಏನನ್ನೂ ಮಾತನಾಡದೆ ಮಾಳಿಗೆಯ ನೀರಿನ ತೊಟ್ಟಿಯನ್ನು ಸುತ್ತುಹಾಕಿ ನೋಡಿ, ಪ್ರಸಾದ ಸ್ವೀಕರಿಸಿ ಹೋದರು. ಅಷ್ಟರಲ್ಲಿ ಭಕ್ತರು ಕೆರೆಯ ಹೂಳನ್ನೂ ತೆಗೆದಿದ್ದರು. ಬಾವಿಯನ್ನು ಮುಚ್ಚಿಲ್ಲ, ಪಾತ್ರೆ ತೊಳೆಯಲು, ಬಟ್ಟೆ ಒಗೆಯಲು ಬಳಸುತ್ತೇವೆ. ಫಲಕವನ್ನೂ ತೆಗೆದಿಲ್ಲ. ನಲ್ಲಿಗೆ ಕೆಂಪು ಬಣ್ಣವನ್ನು ಆ ಇಬ್ಬರು ಹುಡುಗರೇ ಹಚ್ಚಿದರು.

ಒಮ್ಮೆ ಬಿದ್ದ ಕಲೆ ಹೋಗುವುದಿಲ್ಲ. ಊರಿನ ಹುಡುಗನು ಈಗ ಬೇರೆ ಊರಿನಲ್ಲಿ ಕೆಲಸದಲ್ಲಿದ್ದಾನೆ. ನೀರು ಬದಲಾದ ಮೇಲೆ ಹುಟ್ಟಿದ ಮಕ್ಕಳು ಈಗ ಶಾಲೆಗೆ ಬರುತ್ತಿದ್ದಾರೆ. ಹಾಲುಹಲ್ಲು ಬಿದ್ದು ಮುಂದಿನ ಹೊಸ ಹಲ್ಲು ಮೂಡುವ ವಯಸ್ಸು ಅವರದು. ಹೊಳೆದಂಡೆಯವನು ಕಳೆದ ಜಾತ್ರೆಗೆ ಬಂದಾಗ ಹಳೆಯ ದಿನಚರಿಯ ಖಾಲಿ ಹಾಳೆಗಳಲ್ಲಿ ಮತ್ತೆ ಅದೇ ಕಲಂಗಳನ್ನು ಗೆರೆ ಎಳೆದು, ಒಂದನೆಯ ತರಗತಿಯ ಬಾಗಿಲಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿಕೊಂಡಿದ್ದನು. ಹನ್ನೊಂದು ಹೆಸರು ಬರೆದಿದ್ದಾನೆ. ಉಳಿದವರ ಹಲ್ಲು ಇನ್ನೂ ಬರಬೇಕು.