ಒಂದು ಹೆಬ್ಬೆರಳು ಜಾಗ

ಮಳಖೇಡದಲ್ಲಿ ಐವತ್ತು ದಾಟಿದವನು ಓಡಿದರೆ ಅದಕ್ಕೆ ಮೂರೇ ಕಾರಣ. ನಾಯಿ ಬೆನ್ನು ಹತ್ತಿರಬೇಕು, ಬಸ್ಸು ತಪ್ಪಿರಬೇಕು, ಇಲ್ಲಾ ಯಾರ ಮನೆಯಲ್ಲೋ ಆಗಬಾರದ್ದು ಆಗಿರಬೇಕು. ಹೋದ ವರ್ಷ ನಾನು ನಾಲ್ಕನೆಯದೊಂದನ್ನು ಊರಿಗೆ ಪರಿಚಯಿಸಿದೆ: ಸಕ್ಕರೆ ಕಾಯಿಲೆ. ಡಾಕ್ಟರು ನಡೆಯಿರಿ ಎಂದಿದ್ದರು. ಬೆಂಗಳೂರಿನಲ್ಲಿರುವ ಮಗಳು ಫೋನಿನಲ್ಲಿ ಅದನ್ನು ಓಡಿರಿ ಎಂದು ತಿದ್ದಿದಳು.

ಮೊದಲ ದಿನ ಮುಂಜಾನೆ ಐದೂವರೆಗೆ ಸೇಡಂ ರೋಡಿಗೆ ಬಿದ್ದೆ. ಸುಸಲಾಕ್ಕೆ ಒಗ್ಗರಣೆ ಹಾಕುತ್ತಿದ್ದ ಹೋಟೆಲಿನವನು ಸೌಟು ಹಿಡಿದೇ ಹೊರಗೆ ಬಂದ. “ಯಾರಿಗಿ ಏನಾಗ್ಯಾದ್ರಿ ಸರ್?” ಯಾರಿಗೂ ಏನೂ ಆಗಿಲ್ಲ ಅಂದರೆ ನಂಬಲಿಲ್ಲ. ನೂರು ಗಜ ಹೋಗುವಷ್ಟರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಗಾಡಿ ನಿಲ್ಲಿಸಿದ. “ಬಸ್ ತಪ್ತೇನ್ರಿ ಸರ್? ಹತ್ರಿ, ಬಿಡ್ತೀನಿ.” ಬೇಡ ಅಂದರೆ ಹುಡುಗನ ಮುಖ ಸಣ್ಣದಾಗುತ್ತದೆ. ಹತ್ತಿದೆ. ಎರಡು ಕಿಲೋಮೀಟರ್ ಆಚೆ ಇಳಿಸಿ ಹೋದ. ಅಲ್ಲಿಂದ ತಿರುಗಿ ಬರುವಾಗ ಇನ್ನೊಬ್ಬ ಹತ್ತಿಸಿಕೊಂಡ. ಆವತ್ತಿನ ನನ್ನ ಓಟ ಒಟ್ಟು ಇನ್ನೂರು ಗಜ.

ಇದು ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ‘ಕವಿರಾಜಮಾರ್ಗ’ ಬರೆದ ಕಾಲದ ಮಾನ್ಯಖೇಟ. ಕವಿಗಳಿಗೆಲ್ಲ ಮಾರ್ಗ ಹಾಕಿಕೊಟ್ಟ ಊರಿನಲ್ಲಿ ಓಡುವವನಿಗೊಂದು ಮಾರ್ಗವಿಲ್ಲ. ಇರುವ ಒಂದೇ ರಸ್ತೆಯಲ್ಲಿ ಸಿಮೆಂಟು ಲಾರಿ. ಒಳಗೆ ಸರಿದರೆ ಓಣಿಗೆ, ಅಂಗಳಕ್ಕೆ, ಕಟ್ಟೆಗೆ, ಮಾಳಿಗೆಗೆ ಎಲ್ಲದಕ್ಕೂ ಹಾಸಿರುವುದು ಶಹಾಬಾದಿನ ಫರಸಿ ಕಲ್ಲು. ದೇಶದ ಎಷ್ಟೋ ರೈಲ್ವೆ ಪ್ಲಾಟ್‌ಫಾರಂಗಳಿಗೆ ಹಾಸಿದ ಕಲ್ಲು ಅದು. ಅದರ ಮೇಲೆ ಓಡುವುದೆಂದರೆ ಮೊಣಕಾಲಿನಿಂದ ಸಿಮೆಂಟು ತಯಾರಿಸಿದ ಹಾಗೆ. ವಾರದೊಳಗೆ ಎಡ ಮೊಣಕಾಲು ಕಟಕಟ ಎನ್ನತೊಡಗಿತು.

“ಅಪ್ಪಾ, ಕುಶನ್ ಇರೋ ಶೂ ತಗೋರಿ” ಅಂದಳು ಮಗಳು.

ನನ್ನ ಬಳಿ ಒಂದು ಜೊತೆ ಇತ್ತು, ಎಲ್ಲೋ ಅಗ್ಗಕ್ಕೆ ಸಿಕ್ಕಿದ್ದು. ತೊಳೆದು ಮಾಳಿಗೆ ಮೇಲೆ ಒಣಗಲು ಇಟ್ಟೆ. ಮೇ ತಿಂಗಳ ಮಾಳಿಗೆ. ರೊಟ್ಟಿ ತಟ್ಟಿ ಹಾಕಿದರೆ ಅಲ್ಲೇ ಬೇಯುತ್ತದೆ. ಮೂರನೆಯ ದಿನ ನೆನಪಾಗಿ ಹತ್ತಿದಾಗ ಎರಡೂ ಶೂಗಳ ಅಂಟು ಕರಗಿ, ಹಸಿದ ಕರುಗಳ ಹಾಗೆ ಬಾಯಿ ತೆರೆದು ಕೂತಿದ್ದವು. ಕಂಪನಿಯನ್ನು ಬೈಯುವ ಹಾಗಿರಲಿಲ್ಲ. ಶೂ ಹಪ್ಪಳವಲ್ಲ ಎಂದು ಅವರು ಡಬ್ಬದ ಮೇಲೆ ಬರೆಯಬೇಕಿತ್ತೇನೋ.

ಹಾಗಾಗಿ ನಲವತ್ತು ಕಿಲೋಮೀಟರ್ ಆಚೆಯ ಕಲಬುರಗಿಗೆ ಹೋದೆವು, ನಾನೂ ನನ್ನ ಮನೆಯವಳೂ. ಹೊತ್ತು ಮುಳುಗುವಾಗ ಅಂಗಡಿಗೆ ಹೋಗಬೇಕೆಂದು ಮಗಳ ಕಟ್ಟಪ್ಪಣೆ. ದಿನವೆಲ್ಲ ತಿರುಗಿದ ಪಾದ ಸಂಜೆಗೆ ಕೊಂಚ ಊದಿರುತ್ತದಂತೆ, ಓಡುವಾಗಲೂ ಊದುತ್ತದಂತೆ, ಆದ್ದರಿಂದ ಶೂವಿನ ಅಳತೆ ಸಂಜೆಯದೇ ಖರೆ. ಓಡುವಾಗ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಹೋಗಬೇಕು ಎಂದೂ ಹೇಳಿದ್ದಳು. ಆ ಕಾಲುಚೀಲಕ್ಕೆ ಹೆಬ್ಬೆರಳಿನ ಹತ್ತಿರ ತೂತಿದೆ ಎಂಬುದು ನೆನಪಾದದ್ದು ಅಂಗಡಿಯಲ್ಲಿ ಕೂತ ಮೇಲೆ.

ಅಂಗಡಿಯ ಹುಡುಗ ತೂತು ನೋಡಿಯೂ ನೋಡದವನಂತೆ ನನ್ನ ಮುಂದೆ ಮೊಣಕಾಲೂರಿ ಕೂತು ಪಾದ ಕೈಗೆತ್ತಿಕೊಂಡ. ನನಗೆ ಕಸಿವಿಸಿ. ನಾವು ಕಲ್ಯಾಣದ ಸೀಮೆಯವರು. ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಮಾಡಿ ತಂದ ಚಮ್ಮಾವುಗೆಯನ್ನು ಬಸವಣ್ಣ ಕಾಲಿಗೆ ಮೆಟ್ಟದೆ ತಲೆಯ ಮೇಲಿಟ್ಟುಕೊಂಡ ಕಥೆ ಕೇಳಿ ಬೆಳೆದವರು. ಆ ಹುಡುಗನಿಗೆ ಕಥೆಯ ಪುರಸೊತ್ತಿರಲಿಲ್ಲ. “ಇದು ಹತ್ತು ಎಮ್ಮೆಮ್ ಡ್ರಾಪ್ ಅದ್ರಿ ಅಂಕಲ್, ಇದು ಎಂಟು, ಇದು ನಾಲ್ಕು” ಅಂದ. ನನ್ನ ಮನೆಯವಳು ನನ್ನ ಕಿವಿಯಲ್ಲಿ, “ಎಮ್ಮಿ ಯಾಕ ಬಂತು ನಡುವ?” ಎಂದಳು. ಡ್ರಾಪ್ ಎಂದರೆ ಹಿಮ್ಮಡಿಯ ಕೆಳಗಿನ ಎತ್ತರಕ್ಕೂ ಬೆರಳ ಕೆಳಗಿನ ಎತ್ತರಕ್ಕೂ ಇರುವ ವ್ಯತ್ಯಾಸ. ಮಿಲಿಮೀಟರಿನ ಲೆಕ್ಕ. ಹಿಮ್ಮಡಿ ಊರಿ ಓಡುವ ನನ್ನಂಥವರಿಗೆ ಎಂಟು-ಹತ್ತು ಇದ್ದರೆ ಹಿಂಗಾಲಿನ ನರಕ್ಕೆ ಎಳೆತ ಕಡಿಮೆ, ಎಂದ ಹುಡುಗ.

ಮೆತ್ತೆಯ ಗುಟ್ಟನ್ನೂ ಅವನೇ ಬಿಡಿಸಿದ. ಸೋಲಿನ ನಡುವಿರುವುದು ಇವಿಎ ಎಂಬ ಫೋಮು. ಅದರೊಳಗೆ ಸಾವಿರ ಸಾವಿರ ಸಣ್ಣ ಗಾಳಿಗುಳ್ಳೆ. ತುಳಿದಾಗ ಅಮುಕುತ್ತವೆ, ಎತ್ತಿದಾಗ ಉಬ್ಬುತ್ತವೆ. ಓಡುವಾಗ ಪ್ರತಿ ಹೆಜ್ಜೆಗೆ ಮೈತೂಕದ ಎರಡು-ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದಂತೆ. ನನ್ನ ತೂಕಕ್ಕೆ ಲೆಕ್ಕ ಹಾಕಿ ಬೆಚ್ಚಿಬಿದ್ದೆ: ಹೆಜ್ಜೆಗೊಮ್ಮೆ ಎರಡು ಕ್ವಿಂಟಲ್ ತೊಗರಿ ಎತ್ತಿ ಒಗೆದ ಹಾಗೆ. ಪಾಪ, ಗುಳ್ಳೆಗಳಾದರೂ ಎಷ್ಟು ದಿನ ತಡೆದಾವು? “ಐನೂರರಿಂದ ಎಂಟನೂರು ಕಿಲೋಮೀಟರ್ ಬರ್ತಾವ್ರಿ, ಆಮ್ಯಾಲ ಬದಲಿಸಬೇಕು.”

“ಎಂಟನೂರಕ್ಕ ಸಾಯ್ತದೇನು?” ಎಂದಳು ನನ್ನ ಮನೆಯವಳು. ಶೂ ಕೈಗೆ ತೆಗೆದುಕೊಂಡು, ಹಿಟ್ಟು ಹದಕ್ಕೆ ಬಂತೋ ಇಲ್ಲವೋ ನೋಡುವವಳಂತೆ ಹೆಬ್ಬೆರಳಿನಿಂದ ಅಮುಕಿದಳು. ಗುಳಿ ಬಿದ್ದು ಮೆಲ್ಲಗೆ ಮೇಲೆದ್ದಿತು. ಬೆಲೆಯ ಚೀಟಿ ತಿರುಗಿಸಿ ನೋಡಿ, ಗುಳಿ ಬಿದ್ದದ್ದು ಎಲ್ಲಿ ಎಂಬಂತೆ ನನ್ನ ಕಡೆ ನೋಡಿದಳು.

ನಾನು ಆಗ ಅಪ್ಪನ ಚಪ್ಪಲಿ ನೆನೆಯುತ್ತಿದ್ದೆ. ಅಪ್ಪ ಶಹಾಬಾದಿನ ಕಲ್ಲಿನ ಖಣಿಯಲ್ಲಿ ಕೂಲಿ. ಪದರು ಪದರಾಗಿ ಮಲಗಿದ ಕಲ್ಲಿನ ಸಂದಿಗೆ ಹಾರೆ ತೂರಿಸಿ ಒಂದೊಂದೇ ಹಾಸು ಎಬ್ಬಿಸುವ ಕೆಲಸ. ಕಾಲಲ್ಲಿ ಹಳೆ ಲಾರಿ ಟೈರಿನ ಚಪ್ಪಲಿ. ನನ್ನ ಶೂ ಎಂಟನೂರು ಕಿಲೋಮೀಟರಿಗೆ ಕಣ್ಣು ಮುಚ್ಚುತ್ತದೆ, ಅಪ್ಪನದು ಚಪ್ಪಲಿಯಾಗಿ ಹುಟ್ಟುವ ಮೊದಲೇ ಸೊಲ್ಲಾಪುರ, ಹೈದರಾಬಾದು ಎಂದು ಸಾವಿರಾರು ಮೈಲು ಓಡಿ ಬಂದಿರುತ್ತಿತ್ತು. ಅದಕ್ಕೆ ಕುಶನ್ ಇರಲಿಲ್ಲ. ಆದರೂ ಅಪ್ಪ ಅದನ್ನು ಮುದ್ದಿಸುತ್ತಿದ್ದ. ಕಾಗಿಣಾ ಹೊಳೆ ದಾಟುವಾಗ, ಕೆಸರು ಬಂದಾಗ, ಮುಳ್ಳಿಲ್ಲದ ದಾರಿ ಸಿಕ್ಕಾಗ ಚಪ್ಪಲಿ ಕಾಲಿನಿಂದ ಕೈಗೆ ಬರುತ್ತಿತ್ತು. ಯಾರಾದರೂ ಕೇಳಿದರೆ “ಹೊಸಾವು ಅವ” ಅನ್ನುತ್ತಿದ್ದ. ಮೂರು ವರ್ಷದ ಮೇಲೂ ಅದೇ ಉತ್ತರ.

“ಮುಂದ ಒಂದು ಹೆಬ್ಬೆರಳು ಜಾಗ ಇರಬೇಕ್ರಿ ಅಂಕಲ್” ಎನ್ನುತ್ತ ಹುಡುಗ ಶೂವಿನ ತುದಿ ಒತ್ತಿ ನೋಡಿದ.

ಒಂದು ಹೆಬ್ಬೆರಳು! ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ ಸೇಡಂನ ತಾಲ್ಲೂಕು ಕ್ರೀಡಾಕೂಟಕ್ಕೆ ಅಪ್ಪ ಬಿಳಿ ಕ್ಯಾನ್‌ವಾಸ್ ಶೂ ತಂದಿದ್ದ. ಹೆಬ್ಬೆರಳಲ್ಲ, ಅಡ್ಡಕ್ಕೆ ಮೂರು ಬೆರಳು ಜಾಗ. “ಬೆಳೀತಾನ” ಎಂದು ಅವ್ವನಿಗೆ ಹೇಳಿ, ಮುಂದೆ ಅರಿವೆಯ ತುಂಡು ತುರುಕಿ ಕೊಟ್ಟ. ಅವ್ವ ರಾತ್ರಿ ಚಾಕ್‌ಪೀಸ್ ನೆನೆಹಾಕಿ ಬಳಿದಳು. ನಾನೂರು ಮೀಟರ್ ಓಟದ ಎರಡನೆಯ ತಿರುವಿನಲ್ಲಿ ಬಲಗಾಲಿನ ಶೂ ನನಗಿಂತ ಮುಂದೆ ಹೋಯಿತು. ನಿಲ್ಲಲಿಲ್ಲ. ಇಥಿಯೋಪಿಯಾದ ಅಬೇಬೆ ಬಿಕಿಲಾ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಎರಡೂ ಬರಿಗಾಲಲ್ಲಿ ಮ್ಯಾರಥಾನ್ ಓಡಿ ಚಿನ್ನ ಗೆದ್ದ. ನಾನು ಸೇಡಂನಲ್ಲಿ ಒಂದೇ ಬರಿಗಾಲಲ್ಲಿ ಓಡಿ ಐದನೆಯವನಾದೆ. ಮುಗಿಸಿ ಏದುಸಿರು ಬಿಡುತ್ತ ತಿರುಗಿ ನೋಡಿದರೆ, ಖಣಿಯ ಕೆಲಸ ಬಿಟ್ಟು ಬರಲಾಗದು ಎಂದಿದ್ದ ಅಪ್ಪ ತಿರುವಿನಲ್ಲಿ ನಿಂತಿದ್ದ. ಬಿದ್ದ ಶೂ ಎತ್ತಿ ಧೋತರದ ಸೆರಗಿನಿಂದ ಒರೆಸುತ್ತಿದ್ದ. ಎಷ್ಟನೆಯವನಾದೆ ಎಂದು ಕೇಳಲಿಲ್ಲ. ಆ ಶೂ ನನ್ನ ಕಾಲಿಗೆ ಸರಿಹೊಂದಿದ ವರ್ಷ ಅದರ ತಳ ಹರಿದಿತ್ತು.

“ಹೆಂಗ ಅನಸ್ತದ್ರಿ?” ಹುಡುಗ ಕೇಳಿದ. ಅಂಗಡಿಯೊಳಗೇ ಅತ್ತಿಂದಿತ್ತ ನಾಲ್ಕು ಸಲ ಓಡಿದೆ. ಐದು ಜೊತೆಯಲ್ಲಿ ಮೂರನೆಯದು ಕಾಲಿಗೆ ಗೊತ್ತೇ ಆಗಲಿಲ್ಲ, ಹಾಗೆ ಕೂತಿತು. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಬೆನ್ನೊ ನಿಗ್ ಎಂಬ ಸಂಶೋಧಕರು 2015ರಲ್ಲಿ ಹೇಳಿದ್ದೂ ಇದನ್ನೇ: ಪಾದದ ತರಹ, ಹೆಜ್ಜೆಯ ವಾಲಾಟ ಎಂದು ಅಳೆಯುವುದಕ್ಕಿಂತ, ಹಾಕಿದ ಕೂಡಲೇ ಕಾಲಿಗೆ ಹಿತವೆನಿಸಿದ್ದನ್ನು ಆರಿಸಿಕೊಳ್ಳಿ. ಬಸ್ಸಿನಲ್ಲಿ ಇದನ್ನು ನನ್ನ ಮನೆಯವಳಿಗೆ ವಿವರಿಸಿದೆ. “ಇಷ್ಟು ಹೇಳ್ಲಿಕ್ಕಿ ಕೆನಡಾದಾಗ ಕುಂದ್ರಬೇಕೇನು?” ಎಂದು ಡಬ್ಬವನ್ನು ತೊಡೆಯ ಮೇಲೆ ಭದ್ರ ಮಾಡಿಕೊಂಡಳು.

ಆದರೂ ನನ್ನೊಳಗಿನ ಮಾಸ್ತರ ಪರೀಕ್ಷೆಯಿಲ್ಲದೆ ಒಪ್ಪುವವನಲ್ಲ. ಒದ್ದೆ ಪಾದದ ಗುರುತು ನೋಡಿ ಕಾಲಿನ ಕಮಾನು ತಿಳಿಯುವ ಹಳೆಯ ಉಪಾಯವೊಂದಿದೆಯಲ್ಲ, ಮರುದಿನ ಅಂಗಳದ ಫರಸಿಯ ಮೇಲೆ ಅದನ್ನು ಮಾಡಿದೆ. ಕಮಾನು ಎಲ್ಲಿಯದು, ಸಜ್ಜೆ ರೊಟ್ಟಿಯ ಹಾಗೆ ಸಪಾಟು ಗುರುತು. ಕನ್ನಡಕ ತರುವಷ್ಟರಲ್ಲಿ ಅದೂ ಆರಿಹೋಗಿತ್ತು. ನಮ್ಮ ಬಿಸಿಲು ಯಾರ ಹೆಜ್ಜೆಯನ್ನೂ ಉಳಿಸುವುದಿಲ್ಲ. ಉಳಿಯಬೇಕೆಂದರೆ ಚಿತ್ತಾಪುರ ತಾಲ್ಲೂಕಿನ ಕನಗನಹಳ್ಳಿಗೆ ಹೋಗಬೇಕು. ‘ರಾಯ ಅಸೋಕೋ’ ಎಂದು ಹೆಸರು ಬರೆದ ಅಶೋಕನ ಶಿಲ್ಪ ಸಿಕ್ಕಿದ ಅಲ್ಲಿಯ ಸ್ತೂಪದಲ್ಲಿ ಬುದ್ಧಪಾದಗಳನ್ನೂ ಇದೇ ಸೀಮೆಯ ಸುಣ್ಣದಕಲ್ಲಿನಲ್ಲಿ ಕೊರೆದಿದ್ದಾರೆ. ಆ ಪಾದಗಳೂ ಸಪಾಟೇ. ಇದನ್ನು ಹೇಳಿದ್ದಕ್ಕೆ ಮನೆಯಲ್ಲಿ ನನಗೆ ಸಿಕ್ಕ ಮರ್ಯಾದೆಯ ವಿಷಯ ಬೇಡ.

ಶೂ ಈಗ ಒಂದು ವರ್ಷದ್ದು. ಗೋಡೆಯ ಕ್ಯಾಲೆಂಡರಿನಲ್ಲಿ ದಿನದ ಕಿಲೋಮೀಟರು ಬರೆಯುತ್ತೇನೆ, ಲಿಫ್ಟು ಸಿಕ್ಕಿದ್ದನ್ನು ಕಳೆದು. ಇನ್ನೂ ಮುನ್ನೂರು ದಾಟಿಲ್ಲ. ಊರಿನವರ ಸೌಜನ್ಯ ಹೀಗೇ ಇದ್ದರೆ ಈ ಜೊತೆ ನನ್ನ ನಿವೃತ್ತಿಯ ತನಕ ಬಾಳುತ್ತದೆ. ಮೊಣಕಾಲಿನ ಕಟಕಟ ಪೂರ್ತಿ ಹೋಗಿಲ್ಲ, ಸಕ್ಕರೆ ಮಾತ್ರ ಕೊಂಚ ಇಳಿದಿದೆ.

ಮೊನ್ನೆ ಜುಲೈ ಮಳೆ ನಿಂತ ಮರುದಿನ ಲಾರಿಗಳ ಕಾಟಕ್ಕೆ ಬೇಸತ್ತು ಹೊಲದ ದಾರಿ ಹಿಡಿದೆ. ತೊಗರಿ ಆಗಷ್ಟೇ ಎರಡೆಲೆ ಬಿಟ್ಟಿತ್ತು. ಎರಿ ಮಣ್ಣಿನ ಸ್ವಭಾವ ಗೊತ್ತಿದ್ದೂ ಮರೆತಿದ್ದೆ. ಒಂದೊಂದು ಹೆಜ್ಜೆಗೂ ಶೂವಿನಡಿ ಒಂದೊಂದು ಪದರು ಮೆತ್ತಿಕೊಳ್ಳುತ್ತ ಬಂತು. ರಸ್ತೆ ಓಟದ ಶೂವಿನ ತಳ 40 ಮಿಲಿಮೀಟರ್ ಮೀರಬಾರದೆಂದು ವರ್ಲ್ಡ್ ಅಥ್ಲೆಟಿಕ್ಸ್ 2020ರಲ್ಲಿ ನಿಯಮ ಮಾಡಿದೆ. ನಮ್ಮ ಎರಿ ಅದನ್ನು ಇಪ್ಪತ್ತು ಹೆಜ್ಜೆಯಲ್ಲಿ ಮುರಿಯಿತು. ಸಣ್ಣವರಿದ್ದಾಗ ಈ ಮಣ್ಣಿನಲ್ಲಿ ನಡೆದು ಯಾರು ಹೆಚ್ಚು ಎತ್ತರ ಆಗುತ್ತಾರೆಂದು ಪಂದ್ಯ ಕಟ್ಟುತ್ತಿದ್ದೆವು. ಆ ಲೆಕ್ಕದಲ್ಲಿ ನಾನು ನಾಲ್ಕು ಬೆರಳು ಎತ್ತರವಾಗಿದ್ದೆ. ಕಾಲು ಮಾತ್ರ ಏಳುತ್ತಿರಲಿಲ್ಲ.

ಬದುವಿನ ಮೇಲೆ ಕೂತು ಶೂ ಬಿಚ್ಚಿದೆ. ಕಡ್ಡಿಯಿಂದ ಮಣ್ಣು ಕೆರೆದು, ಅಂಗಿಯ ತುದಿಯಿಂದ ಒರೆಸಿ, ಲೇಸಿಗೆ ಲೇಸು ಗಂಟು ಹಾಕಿ ಕೈಯಲ್ಲಿ ಹಿಡಿದೆ. ಬರಿಗಾಲು ಊರಿದೆ. ಬೆರಳ ಸಂದಿಯಲ್ಲಿ ತಣ್ಣಗೆ, ಮೆತ್ತಗೆ ಮಣ್ಣು ಏರಿತು. ಆ ಅಂಗಡಿಯ ಹುಡುಗ ಜೊತೆಗಿದ್ದಿದ್ದರೆ ಇದು ಎಷ್ಟು ಎಮ್ಮೆಮ್ ಎಂದು ಕೇಳುತ್ತಿದ್ದೆ.

ಡಾಂಬರು ರಸ್ತೆಗೆ ಹತ್ತುವಾಗ ಅದೇ ಹಳೆಯ ವಿದ್ಯಾರ್ಥಿ ಗಾಡಿ ನಿಲ್ಲಿಸಿದ. ನನ್ನ ಕಾಲು ನೋಡಿದ, ಕೈ ನೋಡಿದ.

“ಯಾಕ್ರಿ ಸರ್, ಬೂಟು ಚುಚ್ಚತಾವೇನ್ರಿ?”

“ಇಲ್ಲೋ ತಮ್ಮಾ” ಎಂದೆ. “ಹೊಸಾವು ಅವ.”